ಡಿಡಿ ಕೆಂಪೋಟ್ ಹಾಡಿನ ಊರುಗಳಲ್ಲಿ

ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಕ್ಕೆ ಹೋದವರೆಲ್ಲ ಬೊರೊಬುದೂರ್, ಪ್ರಂಬನಾನ್ ದೇಗುಲಗಳನ್ನು ನೋಡಿ ಬರುತ್ತಾರೆ. ನಾನೂ ನೋಡಿದೆ. ಆದರೆ ಜಾವಾಕ್ಕೆ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಒಂದು ರೈಲ್ವೆ ಸ್ಟೇಷನ್, ಒಂದು ಬಸ್ ಸ್ಟ್ಯಾಂಡ್, ಒಂದು ಬೀಚ್. ಮೂರರ ಮೇಲೂ ಹಾಡು ಕಟ್ಟಿದವರು ಒಬ್ಬರೇ, ಅಲ್ಲಿನ ಜನಪ್ರಿಯ ಗಾಯಕ ಡಿಡಿ ಕೆಂಪೋಟ್.

ಯೋಗ್ಯಕರ್ತದಿಂದ ಸೋಲೊ ನಗರಕ್ಕೆ ಲೋಕಲ್ ರೈಲಿದೆ. ಟಿಕೆಟ್ 8,000 ರುಪಿಯಾ, ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಯೊಳಗೆ. ಒಂದು ಗಂಟೆ ಚಿಲ್ಲರೆ ಪ್ರಯಾಣ ಮುಗಿಸಿ ಸೋಲೊ ಬಾಲಾಪನ್ ಸ್ಟೇಷನ್ನಿನಲ್ಲಿ ಇಳಿದೆ. 1999ರಲ್ಲಿ ಬಂದ ಡಿಡಿ ಅವರ ಹಾಡು ಇದೇ ಸ್ಟೇಷನ್ನಿನದು. ಹುಡುಗಿಯನ್ನು ರೈಲು ಹತ್ತಿಸಿ, ಬೇಗ ಬರ್ತೀನಿ ಅಂದವಳ ದಾರಿ ಕಾಯುತ್ತಾ ನಿಂತವನ ಹಾಡು. ಅಷ್ಟೇ ಕಥೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಒಂದು ಪದದ ಅರ್ಥ ಗೊತ್ತಿಲ್ಲದಿದ್ದರೂ ಗಂಟಲು ಕಟ್ಟಿತು.

ಸ್ಟೇಷನ್ನಿನಿಂದ ಟಿರ್ಟೊನಾಡಿ ಬಸ್ ಸ್ಟ್ಯಾಂಡಿಗೆ ಉದ್ದನೆಯ ಮೇಲ್ಸೇತುವೆ ಇದೆ, ನಡೆದೇ ಹೋಗಬಹುದು. ಅಲ್ಲಿಗೂ ಒಂದು ಹಾಡು, ರಾತ್ರಿ ಬಸ್ಸಿಗೆ ಕಾಯುವ ಜೋಡಿಯದು. ಬ್ಯಾಗು, ರಟ್ಟಿನ ಡಬ್ಬ, ಮಕ್ಕಳ ಜೊತೆ ಕೂತ ಜನರನ್ನು ನೋಡಿದಾಗ ಈ ಹಾಡುಗಳು ಯಾಕೆ ಇಷ್ಟು ನಾಟುತ್ತವೆ ಅಂತ ಗೊತ್ತಾಯಿತು. ಜಾವಾದ ಹಳ್ಳಿಗಳ ಹುಡುಗರು ಕೆಲಸಕ್ಕೆ ಜಕಾರ್ತಕ್ಕೆ ಹೋಗುತ್ತಾರೆ, ಹಬ್ಬಕ್ಕೆ ಊರಿಗೆ ಬರುತ್ತಾರೆ, ಮತ್ತೆ ಹೊರಡುತ್ತಾರೆ. ಪ್ರತಿ ಮನೆಯಲ್ಲೂ ಯಾರನ್ನೋ ಬಸ್ ಹತ್ತಿಸಿ ಬಂದವರು ಇದ್ದಾರೆ. ಡಿಡಿ ಅವರೂ ಸೋಲೊದ ಬೀದಿಯಲ್ಲಿ ಹಾಡಿ ಆಮೇಲೆ ಜಕಾರ್ತಕ್ಕೆ ಹೋದವರೇ.

ರಾತ್ರಿ ಒಂದು ಆಂಕ್ರಿಂಗನ್, ಅಂದರೆ ಬೀದಿ ಬದಿಯ ತಿಂಡಿ ಗಾಡಿಯ ಬೆಂಚಿನಲ್ಲಿ ಕೂತೆ. ಎಲೆಯಲ್ಲಿ ಕಟ್ಟಿದ ಒಂದು ಹಿಡಿ ಅನ್ನ, ಬಿಸಿ ಶುಂಠಿ ಕಷಾಯ. ಅಂಗಡಿಯವನು ನನ್ನನ್ನು 'ಮಾಸ್' ಅಂತ ಕರೆದ, ಅಂದರೆ ಅಣ್ಣ. ಕೆಂಪೋಟ್ ಹೆಸರೆತ್ತಿದ್ದೇ ತಡ, ಫೋನಿನಲ್ಲಿ ಹಾಡು ಹಾಕಿದ. ಪಕ್ಕದ ಕಾಲೇಜು ಹುಡುಗರಿಗೂ ಪೂರ್ತಿ ಬಾಯಿಪಾಠ. ಇದು ನನಗೆ ತುಂಬಾ ಖುಷಿ ಕೊಟ್ಟಿತು. ಶಾಲೆ, ಆಫೀಸು, ಟಿವಿ ಎಲ್ಲ ಕಡೆ ಇಂಡೋನೇಷ್ಯನ್ ಭಾಷೆಯೇ ನಡೆಯುವ ದೇಶದಲ್ಲಿ ಡಿಡಿ ಜಾವಾ ಭಾಷೆಯಲ್ಲೇ ಹಾಡಿದರು. 2019ರಲ್ಲಿ ಹೊಸ ಹುಡುಗರು ಅವರನ್ನು ಹೊತ್ತು ಮೆರೆಸಿದರು. 2020ರ ಏಪ್ರಿಲ್‌ನಲ್ಲಿ ಕೊರೊನಾ ಸಂತ್ರಸ್ತರಿಗಾಗಿ ಮನೆಯಿಂದಲೇ ಟಿವಿಯಲ್ಲಿ ಹಾಡಿ 700 ಕೋಟಿ ರುಪಿಯಾಕ್ಕೂ ಜಾಸ್ತಿ ಸಂಗ್ರಹಿಸಿದರು. ಮೇ 5ರಂದು ತೀರಿಕೊಂಡರು. ವಯಸ್ಸು ಬರೀ 53.

ಕೊನೆಗೆ ಪರಾಂಗ್‌ಟ್ರಿಟಿಸ್. ಯೋಗ್ಯಕರ್ತದ ದಕ್ಷಿಣಕ್ಕೆ, ಕಪ್ಪು ಮರಳಿನ ಬೀಚು, ಅಲೆಗಳ ಅಬ್ಬರ ಜೋರು. ಹೋಟೆಲ್ ಸಾಲಿನ ಮುಂದೆ ಮೂವರು ಹುಡುಗರು ಹಾಡುತ್ತಿದ್ದರು. ಒಬ್ಬನ ಕೈಯಲ್ಲಿ ಪುಟ್ಟ ಗಿಟಾರು. ಇನ್ನೊಬ್ಬ ನೀರಿನ ಪ್ಲಾಸ್ಟಿಕ್ ಪೈಪಿನ ತುಂಡುಗಳ ಬಾಯಿಗೆ ರಬ್ಬರ್ ಬಿಗಿದು ಡೋಲು ಮಾಡಿಕೊಂಡಿದ್ದ. ಬೆರಳ ತುದಿಯಲ್ಲಿ ತಟ್ಟಿದರೆ ತಬಲಾದಂತೆ ಗುಂಯ್ ಅನ್ನುತ್ತಿತ್ತು. ಅವರು ನುಡಿಸುತ್ತಿದ್ದದ್ದು ದಾಂಗ್ದುತ್, ಇಂಡೋನೇಷ್ಯಾದ ಜನಪ್ರಿಯ ಸಂಗೀತ. ಅದಕ್ಕೆ ನಮ್ಮ ಹಿಂದಿ ಸಿನಿಮಾ ಹಾಡುಗಳ ನಂಟಿದೆ, ಕಿವಿಗೆ ತಕ್ಷಣ ಹತ್ತಿರವಾಗುತ್ತದೆ. ಅದನ್ನೇ ವೇಗವಾಗಿ ನುಡಿಸಿದರೆ ಕೋಪ್ಲೊ. ಪ್ರೀತಿಯಲ್ಲಿ ಸೋತವನ ಹಾಡು ನಡೆಯುತ್ತಿರುವಾಗಲೇ ಸುತ್ತಲಿದ್ದವರೆಲ್ಲ ಒಟ್ಟಿಗೆ 'ಚೆಂಡೊಲ್ ದಾವೆತ್' ಅಂತ ಕೂಗಿದರು. ಅದು ತೆಂಗಿನ ಹಾಲು, ಬೆಲ್ಲ ಹಾಕಿದ ತಂಪು ಪಾನೀಯ. ಎದೆ ಒಡೆದವರು ಕುಣಿದೇ ಅಳಬೇಕು ಅನ್ನುವ ಜನ ಇವರು. ನನಗೆ ಜಾವಾದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಎರಡನೇ ಸುತ್ತಿಗೆ ನಾನೂ ದನಿ ಸೇರಿಸಿದೆ.

ಸೆಮಾರಾಂಗ್‌ನ ತಾಂಜುಂಗ್ ಮಾಸ್ ಬಂದರು ಮಾತ್ರ ಉಳಿಯಿತು. ಅದಕ್ಕೂ ಅವರದೊಂದು ಹಾಡಿದೆ, ಅಲ್ಲೂ ಬಿಟ್ಟುಹೋದವಳದೇ ನೆನಪು. ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತೇನೆ.