ಐ ಅಕ್ಷರದ ಬಂಧುಬಳಗ

ಲ್ಯಾಟಿನ್ ಲಿಪಿಯ ಐ ಅಕ್ಷರ ಒಂದೇ ಗೆರೆಯಷ್ಟು ಸರಳವಾಗಿದ್ದರೂ ಅದರ ವಂಶಾವಳಿ ನನ್ನನ್ನು ಬಹುವಾಗಿ ಸೆಳೆದಿದೆ. ಪ್ರಾಚೀನ ಫಿನೀಷಿಯನ್ನರ ಯೋದ್ ಎಂಬ ಅಕ್ಷರ ಗ್ರೀಕರಲ್ಲಿ ಅಯೋಟಾ ಆಗಿ, ಮುಂದೆ ರೋಮನ್ನರಲ್ಲಿ ಇಕಾರಕ್ಕೂ ಯಕಾರಕ್ಕೂ ಒಂದೇ ಗುರುತಾಗಿ ನಿಂತಿತು. ಅದರ ಬಾಲವನ್ನು ಎಳೆದು ಬರೆದ ರೂಪವೇ ಜೆ. ಇವೆರಡನ್ನೂ ಬೇರೆ ಬೇರೆ ಧ್ವನಿಗಳಿಗೆ ಮೀಸಲಿಡಬೇಕೆಂದು 1524ರಲ್ಲಿ ಇಟಲಿಯ ಸಾಹಿತಿ ತ್ರಿಸ್ಸಿನೊ ವಾದಿಸಿದರು. ಸಣ್ಣಕ್ಷರದ ಮೇಲಿನ ಚುಕ್ಕೆಯೂ ಬರಿಯ ಅಲಂಕಾರವಲ್ಲ: ಮಧ್ಯಯುಗದ ಹಸ್ತಪ್ರತಿಗಳಲ್ಲಿ ಎಮ್, ಎನ್, ಯು ಅಕ್ಷರಗಳ ಲಂಬ ಗೆರೆಗಳ ನಡುವೆ ಐ ಕಳೆದುಹೋಗದಿರಲೆಂದು ಲಿಪಿಕಾರರು ಮೇಲೊಂದು ಗುರುತು ಹಾಕುತ್ತಿದ್ದರು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ತುರ್ಕಿಯ ಏರ್ಪಾಡು. 1928ರಲ್ಲಿ ಅಲ್ಲಿ ಲ್ಯಾಟಿನ್ ಲಿಪಿ ಜಾರಿಗೆ ಬಂದಾಗ ಚುಕ್ಕೆಯುಳ್ಳ ಮತ್ತು ಚುಕ್ಕೆಯಿಲ್ಲದ ರೂಪಗಳು ಎರಡು ಸ್ವತಂತ್ರ ಸ್ವರಗಳಾದವು. ಆ ಭೇದ ದೊಡ್ಡಕ್ಷರದಲ್ಲೂ ಉಳಿಯುವುದರಿಂದ, ತುರ್ಕಿ ಪಠ್ಯದ ಸಣ್ಣಕ್ಷರ ದೊಡ್ಡಕ್ಷರಗಳನ್ನು ಇಂಗ್ಲಿಷಿನ ನಿಯಮದಂತೆ ಪರಸ್ಪರ ಪರಿವರ್ತಿಸುವ ತಂತ್ರಾಂಶವು ಪದವನ್ನೇ ಕೆಡಿಸಿಬಿಡಬಹುದು.