ಸೆಕ್ಯುರಿಟಿಗೆ ಬರಬೇಕು, ಯಾವ ಕೋರ್ಸ್ ಮಾಡಲಿ?

"ಸೈಬರ್ ಸೆಕ್ಯುರಿಟಿಗೆ ಬರಬೇಕು ಅಂತಿದ್ದೀನಿ ಸರ್, ಯಾವ ಕೋರ್ಸ್ ಮಾಡಲಿ?" ಬಿಸಿಎ ಮುಗಿಸಿದವರು, ಬಿಇ ಕೊನೇ ವರ್ಷದವರು, ಹೆಲ್ಪ್‌ಡೆಸ್ಕ್‌ನಲ್ಲಿ ಇರುವವರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ: ಬಂದು ಯಾವ ಕೆಲಸ ಮಾಡ್ತೀರಿ? ಅದು ಗೊತ್ತಾಗುವವರೆಗೆ ಎಲ್ಲೂ ಫೀಸ್ ಕಟ್ಟಬೇಡಿ.

ಯಾಕೆಂದರೆ ಕೆಲಸಗಳು ಬೇರೆ ಬೇರೆ. ಬೆಂಗಳೂರಿನಲ್ಲಿ ಹೊಸಬರು ಹೆಚ್ಚಾಗಿ ಕಾಲಿಡುವುದು ಎಸ್‌ಒಸಿಗೆ, ಅಂದರೆ ಕಂಪನಿಯ ಸಿಸ್ಟಂಗಳ ಮೇಲೆ ಸದಾ ಕಣ್ಣಿಡುವ ಸೆಕ್ಯುರಿಟಿ ಕೇಂದ್ರಕ್ಕೆ. ಶಿಫ್ಟ್‌ನಲ್ಲಿ ಕೂತು ಲಾಗ್ (ಸಿಸ್ಟಂನಲ್ಲಿ ನಡೆದದ್ದೆಲ್ಲದರ ದಾಖಲೆ) ನೋಡಬೇಕು, ಬಂದ ಅಲರ್ಟ್‌ಗಳಲ್ಲಿ ನಿಜವಾದದ್ದು ಯಾವುದು ಅಂತ ಹೇಳಬೇಕು. ವಿಎಪಿಟಿ ಅಂದರೆ ಅನುಮತಿ ಪಡೆದು ಕಂಪನಿಯ ಸಿಸ್ಟಂನಲ್ಲಿ ತೂತು ಹುಡುಕುವುದು. ಸೆಕ್ಯುರಿಟಿ ನಿಯಮಗಳು ಪಾಲನೆಯಾಗುತ್ತಿವೆಯಾ ಅಂತ ನೋಡುವ ಆಡಿಟ್‌ನವರಿಗೆ ಓದುವ, ಬರೆಯುವ, ಸಾಕ್ಷಿ ಕೇಳುವ ಕೆಲಸ ಜಾಸ್ತಿ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ದಾಳಿ ನಡೆದದ್ದು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಹಾಗಾಗಿ ಲಾಗ್ ನೋಡುವವರೂ ಬೇಕು, ಅದು ಸರಿಯಾಗಿ ನಡೀತಿದೆಯಾ ಅಂತ ಪರಿಶೀಲಿಸುವವರೂ ಬೇಕು.

ಯಾವ ದಾರಿ ಹಿಡಿದರೂ ಮೊದಲು ನೆಟ್‌ವರ್ಕಿಂಗ್ ಮತ್ತು ಲಿನಕ್ಸ್ ಗಟ್ಟಿಯಾಗಿರಬೇಕು. ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದೆ ಟೂಲ್ ಓಡಿಸುವುದು ಕಲಿತರೆ, ಇಂಟರ್‌ವ್ಯೂನ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರಿ. ಇದಕ್ಕೆ ದುಡ್ಡು ಬೇಕಿಲ್ಲ. ಲಿನಕ್ಸ್ ಕಮಾಂಡ್‌ಗಳಿಗೆ ಓವರ್‌ದವೈರ್‌ನ ಬ್ಯಾಂಡಿಟ್ ಇದೆ, ವೆಬ್ ಸೆಕ್ಯುರಿಟಿಗೆ ಪೋರ್ಟ್‌ಸ್ವಿಗರ್ ಅಕಾಡೆಮಿಯ ಲ್ಯಾಬ್‌ಗಳಿವೆ. ಎರಡೂ ಉಚಿತ. ಎರಡು ತಿಂಗಳು ಅಲ್ಲಿ ಕೈಯಾಡಿಸಿ. ಬೇಜಾರಾದರೆ ಫೀಸ್ ಉಳಿಯಿತು, ಅಲ್ವಾ? ಆದರೆ ಲ್ಯಾಬ್ ಬಿಟ್ಟು ಹೊರಗಿನ ಯಾರದೋ ವೆಬ್‌ಸೈಟ್ ಮೇಲೆ ಕಲಿತದ್ದನ್ನು ಪ್ರಯೋಗಿಸಬೇಡಿ. ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು ಇದೆ.

ಇನ್ನು ಸರ್ಟಿಫಿಕೇಟ್. ಅನುಭವ ಇಲ್ಲದವರಿಗೆ ನಾನು ಹೇಳುವುದು ಕಾಂಪ್‌ಟಿಯಾ ಸೆಕ್ಯುರಿಟಿ ಪ್ಲಸ್. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, ಬುನಾದಿ ಪೂರ್ತಿ ಅದರಲ್ಲಿ ಬರುತ್ತೆ. ಎಲ್ಲರ ಬಾಯಲ್ಲಿರುವ ಸಿಇಎಚ್‌ನ (ಎಥಿಕಲ್ ಹ್ಯಾಕಿಂಗ್ ಸರ್ಟಿಫಿಕೇಟ್) ಮುಖ್ಯ ಪರೀಕ್ಷೆಯಲ್ಲಿ 125 ಪ್ರಶ್ನೆ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿದರಾಯಿತು. ಎಚ್‌ಆರ್ ಕಣ್ಣಿಗೆ ಬೀಳೋಕೆ ಅದು ಸಹಾಯ ಮಾಡುತ್ತೆ ನಿಜ. ಆದರೆ ವಿಎಪಿಟಿ ಕೆಲಸವೇ ಬೇಕು ಅಂದರೆ ಅಷ್ಟು ಸಾಲದು. ಒಎಸ್‌ಸಿಪಿ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ ನೋಡಿ: 23 ಗಂಟೆ 45 ನಿಮಿಷ ಕೂತು ನಿಜವಾಗಿಯೂ ಮೆಷಿನ್‌ಗಳ ಒಳಗೆ ನುಗ್ಗಬೇಕು. ಆಮೇಲಿನ 24 ಗಂಟೆಯಲ್ಲಿ ರಿಪೋರ್ಟ್ ಬರೆದು ಕಳಿಸಬೇಕು. ಕೆಲಸಕ್ಕೆ ಸೇರಿದ ಮೇಲೂ ನುಗ್ಗುವುದಕ್ಕಿಂತ ರಿಪೋರ್ಟೇ ಕಷ್ಟ, ಅದಕ್ಕೇ ಈ ಪರೀಕ್ಷೆ ನನಗೆ ಇಷ್ಟ.

ಸಿಐಎಸ್‌ಎಸ್‌ಪಿ (ಅನುಭವಿಗಳಿಗಾಗಿ ಇರುವ ಸೆಕ್ಯುರಿಟಿ ಸರ್ಟಿಫಿಕೇಟ್) ಬಗ್ಗೆ ಫ್ರೆಶರ್‌ಗಳು ಕೇಳಿದಾಗ ನಿಜಕ್ಕೂ ಬೇಸರವಾಗುತ್ತೆ, ಯಾರೋ ತಪ್ಪು ಹೇಳಿ ಕಳಿಸಿರ್ತಾರೆ. ಅದರ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ 5 ವರ್ಷ ಕೆಲಸ ಮಾಡಿರಬೇಕು. ಕಂಪ್ಯೂಟರ್, ಐಟಿಗೆ ಸಂಬಂಧಿಸಿದ ಡಿಗ್ರಿ ಇದ್ದರೆ 1 ವರ್ಷ ಕಡಿಮೆ, ಅಷ್ಟೇ. ಪರೀಕ್ಷೆ ಈಗಲೇ ಬರೆಯಬಹುದು, ಆದರೆ ಪಾಸಾದರೆ ಸಿಗುವುದು ಅದನ್ನು ನಡೆಸುವ ಐಎಸ್‌ಸಿ2 ಸಂಸ್ಥೆಯ ಅಸೋಸಿಯೇಟ್ ಅನ್ನುವ ಹೆಸರು ಮಾತ್ರ. ಆಡಿಟ್‌ನವರು ಓದುವ ಸಿಐಎಸ್‌ಎಗೂ ಹೀಗೇ ಅನುಭವ ಬೇಕು. ಹೊಸಬರು ಆ ಕಡೆಗೆ ಹೋಗುವುದಾದರೆ ಐಎಸ್‌ಒ 27001 (ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಲೀಡ್ ಆಡಿಟರ್ ಕೋರ್ಸ್‌ನಿಂದ ಶುರು ಮಾಡಬಹುದು.

ಬಿಟಿಎಂ, ಮಾರತಹಳ್ಳಿ ಕಡೆಯ ಇನ್‌ಸ್ಟಿಟ್ಯೂಟ್‌ಗಳಿಗೆ ಹೋಗುವುದಾದರೆ, ಅವರೇ ಅಚ್ಚು ಹಾಕಿಸಿ ಕೊಡುವ ಸರ್ಟಿಫಿಕೇಟ್ ಬೇರೆ, ಮೇಲೆ ಹೇಳಿದವು ಬೇರೆ ಅನ್ನುವುದು ನೆನಪಿರಲಿ. ಪರೀಕ್ಷೆ ಬರೆಯಲು ಬೇಕಾದ ವೋಚರ್‌ನ ದುಡ್ಡು ಅವರ ಫೀಸ್‌ನಲ್ಲಿ ಸೇರಿದೆಯಾ ಕೇಳಿ. ಪಾಠ ಮಾಡುವವರು ಈ ಕೆಲಸ ಎಷ್ಟು ವರ್ಷ ಮಾಡಿದ್ದಾರೆ ಕೇಳಿ. ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದರೆ ಬರೆದುಕೊಡಿ ಅನ್ನಿ. ಆರು ತಿಂಗಳು ಪೂರ್ತಿ ಕೊಡಲು ಸಾಧ್ಯವಿದ್ದರೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡಾಕ್‌ನ ಪಿಜಿ-ಡಿಟಿಸ್ ಡಿಪ್ಲೊಮಾ ಕಡೆಗೂ ನೋಡಿ, ಅದಕ್ಕೆ ಸಿ-ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಫೀಸ್ ಕಟ್ಟುವ ಮೊದಲು ಸೆಕ್ಯುರಿಟಿಯವರ ಬಳಗವಾದ ನಲ್ (null) ನಿಮ್ಮ ಊರಿನಲ್ಲಿ ನಡೆಸುವ ಮೀಟ್‌ಗೆ ಒಂದು ಸಲ ಹೋಗಿಬನ್ನಿ. ಪ್ರವೇಶ ಉಚಿತ, ಇದೇ ಕೆಲಸ ಮಾಡುವವರು ಅಲ್ಲಿ ಸಿಗ್ತಾರೆ.

ಇನ್ನೊಂದು ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ಸೆಕ್ಯುರಿಟಿ ಪ್ಲಸ್, ಸಿಐಎಸ್‌ಎಸ್‌ಪಿ ಎರಡನ್ನೂ 3 ವರ್ಷಕ್ಕೊಮ್ಮೆ ನವೀಕರಿಸಬೇಕು, ವರ್ಷಕ್ಕಿಷ್ಟು ಅಂತ ಶುಲ್ಕವೂ ಇದೆ. ಬಜೆಟ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.