ಜಲಪಾತದ ಮೇಲಿನ ಮನೆ

ಬಸವನಗುಡಿಯ ನಮ್ಮ ಮನೆಯಲ್ಲಿ ಕುಳಿತು, ಅಮೆರಿಕದ ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್ ಮನೆಯಲ್ಲಿ ನಾನು ತೆಗೆದ ಚಿತ್ರಗಳನ್ನು ನಿನ್ನೆ ರಾತ್ರಿ ಅಮ್ಮನಿಗೆ ತೋರಿಸಿದೆ. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ 1935ರಲ್ಲಿ ಕೌಫ್‌ಮನ್ ಕುಟುಂಬಕ್ಕಾಗಿ ವಿನ್ಯಾಸ ಮಾಡಿದ ಮನೆ ಅದು. ಜಲಪಾತಕ್ಕೆ ಎದುರಾಗಿ ಮನೆ ಬರುತ್ತದೆಂದು ಆ ಕುಟುಂಬದವರು ಎಣಿಸಿದ್ದರಂತೆ. ರೈಟ್ ಅದನ್ನು ಜಲಪಾತದ ಮೇಲೆಯೇ ಕೂರಿಸಿದರು.

"ಹಾಗಾದರೆ ಒಳಗಿದ್ದವರಿಗೆ ಜಲಪಾತ ಕಾಣುವುದಿಲ್ಲವೇನೋ?"

"ಕೇಳಿಸುತ್ತದಮ್ಮ, ಎಲ್ಲ ಹೊತ್ತೂ ಕೇಳಿಸುತ್ತದೆ."

ನನ್ನ ಮನಸ್ಸು ನಿಂತದ್ದು ಹಜಾರದ ಬಂಡೆಯ ಮುಂದೆ. ಅಲ್ಲಿದ್ದ ಬಂಡೆಯನ್ನು ಒಡೆಯದೆ, ಸುತ್ತಲೂ ನೆಲ ಹಾಸಿ, ಅದನ್ನೇ ಅಗ್ಗಿಷ್ಟಿಕೆಯ ಪೀಠವಾಗಿಸಿದ್ದಾರೆ. ಹಾಸುಗಲ್ಲುಗಳಿಗೆ ಮೇಣದ ಹೊಳಪಿದೆ, ಬಂಡೆಗೆ ಇಲ್ಲ. ಹರಿಯುವ ತೊರೆಯಲ್ಲಿ ಒಣಕಲ್ಲೊಂದು ತಲೆಯೆತ್ತಿದಂತೆ! ಎಷ್ಟು ಹೊತ್ತು ನೋಡಿದರೂ ತೃಪ್ತಿಯಾಗಲಿಲ್ಲ.

ತೊರೆಯ ಕೆಳಭಾಗದಿಂದ ಎಲ್ಲರೂ ತೆಗೆಯುವ ಆ ಪ್ರಸಿದ್ಧ ಚಿತ್ರವನ್ನು ನಾನೂ ತೆಗೆದಿದ್ದೆ. ಅಮ್ಮನ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ. ಅವರು ಮತ್ತೆ ಮತ್ತೆ ನೋಡಿದ್ದು ಮನೆಗೆ ಬರುವ ದಾರಿಯಲ್ಲಿ ತೆಗೆದ ಇನ್ನೊಂದನ್ನು: ಮರಕ್ಕೆ ಜಾಗ ಬಿಟ್ಟು ಕಾಂಕ್ರೀಟಿನ ತೊಲೆಯೇ ಬಳಸಿಕೊಂಡು ಹೋಗಿದೆ. ಅದನ್ನು ದೊಡ್ಡದಾಗಿ ಮುದ್ರಿಸಿ ತಾ ಎಂದಿದ್ದಾರೆ. ಎದುರಿನ ನಿವೇಶನದ ಹೊಂಗೆಮರವನ್ನು ಹೋದ ವಾರ ಕಡಿದಾಗಿನಿಂದ ಅವರು ಆ ಕಡೆಯ ಕಿಟಕಿಯನ್ನು ತೆರೆದಿಲ್ಲ.